ಪೈಲಟ್ ನಿದ್ದೆಗೆ ವಿನಾಯಿತಿ ಸಲ್ಲದು

ಉಡುಪಿ, ಕಾಪು, ಕಾರ್ಕಳದ ಸೀಮೆಯಲ್ಲಿ ಮಗನೋ ಅಳಿಯನೋ ಕೊಲ್ಲಿ ರಾಷ್ಟ್ರದಲ್ಲಿ ದುಡಿಯದ ಊರು ವಿರಳ. ನಿವೃತ್ತಿಯ ಬಳಿಕ ಮಣಿಪಾಲದಲ್ಲಿ ನೆಲೆಸಿರುವ ನನಗೂ ಇವರೆಲ್ಲರಿಗೂ ಹತ್ತಿರದ ವಿಮಾನ ನಿಲ್ದಾಣ ಮಂಗಳೂರಿನ ಬಜಪೆಯೇ. ಆದ್ದರಿಂದ ಪೈಲಟ್‌ಗಳ ದುಡಿಮೆಯ ಅವಧಿ ಕುರಿತ ವಿವಾದವನ್ನು ನಾವು ದೆಹಲಿಯ ಕಡತವೆಂದು ಬದಿಗಿಡಲಾಗದು.

2010ರ ಮೇ 22ರ ಬೆಳಗಿನ 6 ಗಂಟೆ ಸುಮಾರಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ರನ್‌ವೇ ದಾಟಿ ಕಮರಿಗೆ ಬಿತ್ತು. ಅದರಲ್ಲಿದ್ದ 166 ಮಂದಿಯ ಪೈಕಿ ಉಳಿದವರು 8 ಮಂದಿ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ವರದಿ ಹೇಳುವಂತೆ, ಕಾಕ್‌ಪಿಟ್‌ನ ಸುಮಾರು 2 ಗಂಟೆಯ ಧ್ವನಿಮುದ್ರಣದಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಅವರ ಗೊರಕೆಯೂ ದಾಖಲಾಗಿತ್ತು. ವಿಮಾನ ಇಳಿಯಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಮತ್ತೆ ಮೇಲೇರುವಂತೆ ಸಹ ಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಕಿವಿಗೊಡಲಿಲ್ಲ. ಎಚ್ಚರಗೊಂಡ ಮೇಲೂ ಕೆಲಕಾಲ ಉಳಿಯುವ ಮಂಪರು ವಿವೇಚನೆಯನ್ನು ಹೇಗೆ ಕುಂದಿಸುತ್ತದೆ ಎಂಬುದಕ್ಕೆ ಇದಕ್ಕಿಂತ ದಾರುಣ ನಿದರ್ಶನ ಬೇಕಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಆ ಕ್ಯಾಪ್ಟನ್ ರಜೆ ಮುಗಿಸಿ ಆಗಷ್ಟೇ ಕರ್ತವ್ಯಕ್ಕೆ ಮರಳಿದ್ದವರು. ವಾರಗಟ್ಟಲೆ ದುಡಿದು ದಣಿದವರಲ್ಲ. ನಿಯಮ ಗಂಟೆಗಳನ್ನು ಎಣಿಸುತ್ತದೆ. ದೇಹಕ್ಕೆ ಮುಖ್ಯವಾಗುವುದು ಅದು ಯಾವ ಗಂಟೆ ಎಂಬುದು. ನಸುಕಿನ 2ರಿಂದ 6ರ ನಡುವೆ ಮನುಷ್ಯನ ಜೈವಿಕ ಗಡಿಯಾರ ಅತ್ಯಂತ ಮಂದವಾಗಿರುತ್ತದೆ. ಅದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹಾರಿ, ಹೆಚ್ಚು ತಡಮಾಡದೆ ಅದೇ ಇರುಳು ಹಿಂದಿರುಗಿತ್ತು. ಕ್ಯಾಬಿನ್ನಿನ ವಿರಳ, ಒಣ ಗಾಳಿಯೂ ಆಯಾಸಕ್ಕೆ ಕೂಡಿಕೊಳ್ಳುತ್ತದೆ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿ ಪ್ರಕಟಿಸಿದ ನಿಯಮಗಳು ಇದನ್ನು ಗುರುತಿಸಿದ್ದವು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೇರಿತು. ರಾತ್ರಿಯ ವ್ಯಾಖ್ಯೆ ಬೆಳಗಿನ 6ರವರೆಗೆ ವಿಸ್ತರಿಸಿತು. ರಾತ್ರಿ ಇಳಿಸುವಿಕೆಗಳ ಮಿತಿ 6ರಿಂದ 2ಕ್ಕಿಳಿಯಿತು. ಅವು ಪೂರ್ಣವಾಗಿ ಜಾರಿಯಾದದ್ದು 2025ರ ನವೆಂಬರ್‌ನಲ್ಲಿ, ಅದೂ ದೆಹಲಿ ಹೈಕೋರ್ಟಿನ ನಿಗಾದಲ್ಲಿ. ಡಿಸೆಂಬರ್‌ನಲ್ಲಿ ಇಂಡಿಗೋ ಪೈಲಟ್‌ಗಳು ಸಾಲದೆ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿದಾಗ, ಮಹಾನಿರ್ದೇಶನಾಲಯ ತಾತ್ಕಾಲಿಕವಾಗಿ ಸಡಿಲಿಸಿದ್ದು ರಾತ್ರಿ ಹಾರಾಟದ ನಿಬಂಧನೆಗಳನ್ನೇ! ಸರ್ಕಾರಿ ಸೇವೆಯಲ್ಲಿ ‘ತಾತ್ಕಾಲಿಕ’ ಎಂಬ ಷರಾ ಎಷ್ಟು ದೀರ್ಘಾಯುಷಿ ಎಂಬುದನ್ನು ಬಲ್ಲವನು ನಾನು.

ಅರ್ಥಶಾಸ್ತ್ರದ ದೃಷ್ಟಿಯಿಂದ ಲೆಕ್ಕ ಸರಳ. ಹೆಚ್ಚುವರಿ ಪೈಲಟ್‌ಗಳ ಸಂಬಳ ಕಂಪನಿಯ ಖರ್ಚಿನ ಪಟ್ಟಿಗೆ ಬರುತ್ತದೆ. ಆಯಾಸದ ಬೆಲೆ ಪ್ರಯಾಣಿಕನ ಪಾಲಿಗೆ. ಆಯಾಸದ ಬಗ್ಗೆ ಕಂಪನಿಗಳು ತ್ರೈಮಾಸಿಕ ವರದಿ ಸಲ್ಲಿಸಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಪೈಲಟ್‌ಗಳ ಹೆಸರು ಮರೆಮಾಡಿ ಆ ವರದಿಗಳನ್ನು ಸಾರ್ವಜನಿಕರ ಮುಂದಿಡಲಿ. ಯಾವ ಮಾರ್ಗದಲ್ಲಿ, ಯಾವ ಹೊತ್ತಿನಲ್ಲಿ ಎಷ್ಟು ದೂರುಗಳು ಬಂದಿವೆ, ಅವುಗಳಲ್ಲಿ ಎಷ್ಟನ್ನು ಒಪ್ಪಿಕೊಳ್ಳಲಾಗಿದೆ ಎಂಬುದನ್ನು ಇರುಳಿನ ವಿಮಾನಕ್ಕೆ ಟಿಕೆಟ್ ಕೊಳ್ಳುವ ಕಾಪುವಿನ ಕುಟುಂಬವೂ ತಿಳಿಯಬೇಕು.