ಚೀಟಿ ಹೆಂಡತಿಗೆ, ಪಾಠ ಯಾರಿಗೆ?

ಬಿಳಿಮುಟ್ಟು, ಕಿಬ್ಬೊಟ್ಟೆ ನೋವು, ಉರಿಮೂತ್ರ ಎಂದು ಆಸ್ಪತ್ರೆಗೆ ಬಂದ ವಿವಾಹಿತೆಗೆ ಲೈಂಗಿಕ ಸೋಂಕು ಇದೆಯೆಂದು ಗೊತ್ತಾದರೆ, ಮಾತ್ರೆಯ ಜೊತೆಗೆ ಒಂದು ಬುದ್ಧಿಮಾತೂ ಸಿಗುತ್ತದೆ: "ಗಂಡನಿಗೆ ನಿರೋಧ್ ಬಳಸೋಕೆ ಹೇಳಮ್ಮ." ವೈದ್ಯಶಾಸ್ತ್ರದ ಪ್ರಕಾರ ಮಾತು ಸರಿ. ಆದರೆ ಅದನ್ನು ಆಕೆ ಹೇಳಬೇಕಾದ ಮನೆ ಎಂಥದ್ದು?

ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂಥವಳು ನಿರೋಧ್ ಎಂದರೆ, "ಆಪರೇಷನ್ ಆದ ಮೇಲೆ ಅದ್ಯಾಕೆ? ನನ್ನ ಮೇಲೆ ಅನುಮಾನವೋ, ಇಲ್ಲ ನೀನೇ ಎಲ್ಲಿಂದಾದರೂ ತಂದೆಯೋ?" ಎಂಬ ಪ್ರಶ್ನೆಯ ಹಿಂದೆಯೇ ಏಟು ಬೀಳಬಹುದು. ಆಪರೇಷನ್, ವಂಕಿ, ಗುಳಿಗೆಗಳು ಬಸಿರನ್ನು ತಡೆಯುತ್ತವೆ, ರೋಗವನ್ನಲ್ಲ ಎಂಬುದನ್ನು ಗಂಡನಿಗೆ ಯಾರೂ ಹೇಳಿರುವುದಿಲ್ಲ.

ಹೆಂಡತಿಯೊಬ್ಬಳೇ ಮಾತ್ರೆ ನುಂಗಿದರೆ ಸೋಂಕು ಅವನಿಂದ ಮತ್ತೆ ಅಂಟುತ್ತದೆ. ಗೊನೋರಿಯಾ, ಕ್ಲಮೈಡಿಯಾ ಹೆಂಗಸರಲ್ಲಿ ಎಷ್ಟೋ ಸಲ ಲಕ್ಷಣವನ್ನೇ ತೋರದೆ ಗರ್ಭನಾಳದವರೆಗೆ ಹರಡಿ ಮಕ್ಕಳಾಗದಂತೆ ಮಾಡಬಲ್ಲವು. ಆಗ ರೋಗ ತಂದವನಿಗೆ ಎರಡನೇ ಮದುವೆಯ ಮಾತುಕತೆ, ಇವಳಿಗೆ ಬಂಜೆಯೆಂಬ ಹೆಸರು ಮತ್ತು ತವರಿನ ದಾರಿ.

ದಶಕಗಳ ಕಾಲ ತರಗತಿಯಲ್ಲಿ ನಿಂತ ನಾನು ಬಲ್ಲೆ, ಕಲಿಯಬೇಕಾದವನನ್ನು ಹೊರಗೆ ಬಿಟ್ಟು ಮಾಡಿದ ಪಾಠ ವ್ಯರ್ಥ. ಹಾಗೆಂದು ಅವಳನ್ನು ಕೇಳದೆ ಗಂಡನನ್ನು ಕರೆಸುವುದೂ ಅಪಾಯವೇ. 2017ರ ಎಚ್‌ಐವಿ ಕಾಯಿದೆ ಇದನ್ನು ಅರಿತಿದೆ: ಹಿಂಸೆಗೋ ಪರಿತ್ಯಾಗಕ್ಕೋ ಗುರಿಯಾಗುವ ಸಕಾರಣ ಭಯವಿದ್ದರೆ ಹೆಣ್ಣಿನ ಸೋಂಕಿನ ವಿಷಯವನ್ನು ಆಕೆಯ ಸಂಗಾತಿಗೆ ವೈದ್ಯರು ತಿಳಿಸಕೂಡದು. ಈ ವಿವೇಕ ಉಳಿದ ಲೈಂಗಿಕ ರೋಗಗಳ ಚಿಕಿತ್ಸೆಯಲ್ಲೂ ಬೇಡವೇ?

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಅತ್ತೆ, ಗಂಡ ಯಾರೂ ಇಲ್ಲದ ಕೋಣೆಯಲ್ಲಿ ಆಕೆಯನ್ನು ಮೊದಲು ಕೇಳಲಿ: "ಮನೆಯಲ್ಲಿ ಇದನ್ನು ಹೇಳಿದರೆ ನಿಮಗೆ ತೊಂದರೆಯಾದೀತೆ?" ಆಕೆ ಒಪ್ಪಿದರೆ, ಗಂಡನಿಗೆ ಪಾಠ ಹೇಳುವ, ಔಷಧಿ ಕೊಡುವ ಹೊಣೆಯನ್ನು ಆಸ್ಪತ್ರೆಯೇ ಹೊರಲಿ. ಭಯವಿದ್ದರೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಲೈಂಗಿಕ ದೌರ್ಜನ್ಯವೂ ಹಿಂಸೆಯೇ ಎಂದು ತಿಳಿಸಿ, ಸಂರಕ್ಷಣಾಧಿಕಾರಿಯ ದಾರಿ ತೋರಿಸಲಿ.

ಗೆಳತಿಯರೇ, ನೆರೆಮನೆಯವಳ ಜೊತೆ ಆಸ್ಪತ್ರೆಗೆ ಹೋದಾಗ ವೈದ್ಯರು ಈ ಪ್ರಶ್ನೆ ಕೇಳದಿದ್ದರೆ, ಕೇಳಿ ಎಂದು ನೀವೇ ಹೇಳಿ.