ಸಾಯಲೊಲ್ಲದ ನೆರಳು

ಹಗಲಿನಲ್ಲಿ ಹಾವನ್ನು ಕಂಡರೆ ಹೌಹಾರುವ ಮನುಷ್ಯನು ಇರುಳಿನಲ್ಲಿ ದುಡ್ಡು ತೆತ್ತು ದೆವ್ವದ ಚಿತ್ರವನ್ನು ನೋಡಲು ಹೋಗುತ್ತಾನೆ. ಇದು ವಿಚಿತ್ರವೆನಿಸಿದರೂ ಹೊಸತಲ್ಲ. ಭಯಾನಕವನ್ನು ಶೃಂಗಾರ, ಕರುಣಗಳ ಪಂಕ್ತಿಯಲ್ಲಿಯೇ ಕೂರಿಸಿದ ಭರತಮುನಿಗೆ ಈ ಗುಟ್ಟು ತಿಳಿದಿತ್ತು. ಆದರೆ ಭಯಕ್ಕೆ ಬೇಗ ಮುಪ್ಪು ಬರುತ್ತದೆ. ಅಜ್ಜನನ್ನು ನಡುಗಿಸಿದ ಚಿತ್ರವು ಮೊಮ್ಮಗನಿಗೆ ನಗೆ ತರಿಸುವುದುಂಟು. ಹಾಗಿದ್ದೂ ಕೆಲವು ಹಳೆಯ ಭಯಾನಕ ಚಿತ್ರಗಳಿಗೆ ಪ್ರತಿ ತಲೆಮಾರಿನಲ್ಲಿಯೂ ಸಣ್ಣದೊಂದು ಭಕ್ತಮಂಡಲಿ ದೊರೆಯುತ್ತಲೇ ಬಂದಿದೆ. ಅಂತಹವುಗಳಲ್ಲಿ ಹಿರಿಯದೊಂದು, 1922ರಲ್ಲಿ ಜರ್ಮನಿಯಲ್ಲಿ ತೆರೆಕಂಡ ಮೂಕಚಿತ್ರ ‘ನೊಸ್ಫೆರಾಟು’.

ಇದರ ನಿರ್ದೇಶಕ ಎಫ್. ಡಬ್ಲ್ಯು. ಮುರ್ನಾವ್. ಕಥೆಯು ಬ್ರಾಮ್ ಸ್ಟೋಕರನ 1897ರ ಕಾದಂಬರಿ ‘ಡ್ರಾಕುಲಾ’ದಿಂದ ಎತ್ತಿಕೊಂಡದ್ದು. ಡ್ರಾಕುಲಾ ಇಲ್ಲಿ ಓರ್ಲಾಕ್ ಪ್ರಭುವಾದನು. ಲಂಡನ್ ನಗರವು ವಿಸ್ಬೋರ್ಗ್ ಎಂಬ ಜರ್ಮನ್ ರೇವುಪಟ್ಟಣವಾಯಿತು. ಮನೆ ಮಾರಾಟದ ಕಾಗದಪತ್ರಗಳೊಡನೆ ಬೆಟ್ಟದ ಕೋಟೆಗೆ ಹೋದ ಹುಟ್ಟರ್ ಎಂಬ ತರುಣನಿಗೆ, ಕೊಳ್ಳುವವನು ರಕ್ತಪಿಶಾಚಿಯೆಂದು ತಿಳಿಯುವ ವೇಳೆಗೆ ಕಾಲ ಮಿಂಚಿರುತ್ತದೆ. ಪಿಶಾಚಿಯು ಹಡಗನ್ನೇರಿ, ಇಲಿಗಳನ್ನೂ ಪ್ಲೇಗನ್ನೂ ಸಂಗಡ ತರುತ್ತದೆ. ಕಡೆಗೆ ಹುಟ್ಟರನ ಮಡದಿ ಎಲೆನ್ ತನ್ನನ್ನೇ ಬಲಿಗೊಟ್ಟು, ಕೋಳಿ ಕೂಗುವವರೆಗೆ ಅವನನ್ನು ತನ್ನ ಬಳಿ ತಡೆದಿರಿಸುತ್ತಾಳೆ. ಎಳೆಬಿಸಿಲು ತಾಕಿ ಅವನು ಕರಗಿಹೋಗುತ್ತಾನೆ. ಸ್ಟೋಕರನ ಡ್ರಾಕುಲಾ ಹಗಲಿನಲ್ಲಿಯೂ ಸಂಚರಿಸಬಲ್ಲ. ಬಿಸಿಲಿಗೆ ಸಾಯುವ ರಕ್ತಪಿಶಾಚಿಯು ಈ ಚಿತ್ರದ ಕಲ್ಪನೆ. ಮುಂದಿನವರು ಇಲ್ಲಿಂದಲೇ ಅದನ್ನು ಪಡೆದರು.

ಅದಕ್ಕೆ ಎರಡು ವರ್ಷ ಮೊದಲು ಬಂದ ‘ಡಾಕ್ಟರ್ ಕಾಲಿಗಾರಿ’ಯಲ್ಲಿ ಬೀದಿಗಳೂ ಮನೆಗಳೂ ಸ್ಟುಡಿಯೋದ ಬಣ್ಣದ ಪರದೆಗಳಾಗಿದ್ದವು. ಮುರ್ನಾವ್ ವಿಸ್ಮಾರ್, ಲ್ಯೂಬೆಕ್ ಊರುಗಳ ನಿಜವಾದ ಬೀದಿಗಳಿಗೂ, ಇಂದು ಸ್ಲೊವಾಕಿಯಾದಲ್ಲಿರುವ ಓರಾವಾ ಕೋಟೆಗೂ ಕ್ಯಾಮೆರಾವನ್ನು ಕೊಂಡೊಯ್ದನು. ಜನವಸತಿಯ ಸಾಮಾನ್ಯ ಬೀದಿಯೊಂದರಲ್ಲಿ ಶವಪೆಟ್ಟಿಗೆಗಳು ಸಾಲಾಗಿ ಸಾಗಿಬರುವಾಗ ಭಯವು ಕಟ್ಟುಕಥೆಯ ನಾಡನ್ನು ಬಿಟ್ಟು ನೆರೆಮನೆಗೆ ಬಂದಿರುತ್ತದೆ. ಓರ್ಲಾಕನಾಗಿ ನಟಿಸಿದವನು ಮಾಕ್ಸ್ ಶ್ರೆಕ್: ಬೋಳುತಲೆ, ಇಲಿಯಂತಹ ಮುಂಬಲ್ಲು, ನೀಳವಾದ ಉಗುರು. ಎಲೆನಳ ಕೋಣೆಗೆ ಬರುವಾಗ ಮೆಟ್ಟಿಲ ಬದಿಯ ಗೋಡೆಯ ಮೇಲೆ ಅವನ ನೆರಳು ಮಾತ್ರ ಏರುತ್ತದೆ. ಕೈಯ ನೆರಳು ಅವಳ ಎದೆಯ ಮೇಲೆ ಹರಿದು ಮುಷ್ಟಿ ಬಿಗಿಯುತ್ತದೆ. ಮಿಕ್ಕುದನ್ನು ಪ್ರೇಕ್ಷಕನ ಮನಸ್ಸೇ ಚಿತ್ರಿಸಿಕೊಳ್ಳಬೇಕು.

ಇಂತಹ ಚಿತ್ರದಲ್ಲಿಯೂ ನಗುವವರು ನಗುವ ಒಂದು ಎಡೆಯುಂಟು. ಬಿಸಿಲಿಗೆ ಸಾಯಬೇಕಾದ ಪಿಶಾಚಿಯು ಪೆಟ್ಟಿಗೆಯನ್ನು ಕಂಕುಳಲ್ಲಿರಿಸಿಕೊಂಡು ಬೆಳ್ಳಂಬೆಳಕಿನಲ್ಲಿ ಊರೊಳಗೆ ನಡೆಯುತ್ತದೆ! ತಪ್ಪು ನಿರ್ದೇಶಕನದಲ್ಲ. ಹಗಲಿನಲ್ಲಿ ಚಿತ್ರೀಕರಿಸಿ, ಪ್ರತಿಗೆ ನೀಲಿಯ ಬಣ್ಣವನ್ನು ಹಾಯಿಸಿ, ಇರುಳೆಂದು ಸೂಚಿಸುವುದು ಅಂದಿನ ಪದ್ಧತಿ. ಬಹುಕಾಲ ಜನ ನೋಡಿದ ಕಪ್ಪು-ಬಿಳುಪು ಪ್ರತಿಗಳಲ್ಲಿ ಆ ಬಣ್ಣ ಅಳಿದಿತ್ತು, ಇರುಳು ಹಗಲಾಗಿತ್ತು. ಪ್ಯಾರಿಸಿನ ಚಿತ್ರಭಂಡಾರದಲ್ಲಿ ಉಳಿದಿದ್ದ ಹಳೆಯ ಬಣ್ಣದ ಪ್ರತಿಯೊಂದರ ನೆರವಿನಿಂದ 2006ರ ವೇಳೆಗೆ ಸಿದ್ಧವಾದ ಜೀರ್ಣೋದ್ಧಾರದಲ್ಲಿ ಓರ್ಲಾಕನಿಗೆ ಅವನ ಇರುಳು ಮರಳಿ ದೊರಕಿತು.

ಪ್ರತಿಗಳು ಹೀಗೆ ಚದುರಿಹೋದುದರ ಹಿಂದೆ ಒಂದು ವ್ಯಾಜ್ಯವಿದೆ. ಪ್ರಾನಾ ಫಿಲ್ಮ್ ಎಂಬ ಹೊಸ ಸಂಸ್ಥೆಯು ಚಿತ್ರದ ಶೀರ್ಷಿಕೆಯಲ್ಲಿ ಸ್ಟೋಕರನ ಹೆಸರನ್ನು ಹಾಕಿತೇ ಹೊರತು ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಸ್ಟೋಕರ್ 1912ರಲ್ಲಿಯೇ ತೀರಿಕೊಂಡಿದ್ದನು. ಅರವತ್ತು ದಾಟಿದ ಅವನ ವಿಧವೆ ಫ್ಲಾರೆನ್ಸಳಿಗೆ ಆ ಕಾದಂಬರಿಯ ಹಕ್ಕು ಜೀವನಾಧಾರಗಳಲ್ಲಿ ಒಂದು. ಆಕೆ ದಾವೆ ಹೂಡಿದಳು. ಸಂಸ್ಥೆ ದಿವಾಳಿಯೆದ್ದಿತ್ತು, ಹಣ ಹುಟ್ಟುವಂತಿರಲಿಲ್ಲ. ಕೊನೆಗೆ 1925ರಲ್ಲಿ ಬರ್ಲಿನ್ ನ್ಯಾಯಾಲಯವು ಚಿತ್ರದ ಎಲ್ಲ ಪ್ರತಿಗಳನ್ನೂ ನಾಶಮಾಡಬೇಕೆಂದು ತೀರ್ಪಿತ್ತಿತು. ಆದರೆ ಕೆಲವು ಪ್ರತಿಗಳು ಅಷ್ಟರಲ್ಲಿ ದೇಶಾಂತರ ಹೋಗಿದ್ದವು. 1929ರಲ್ಲಿ ಚಿತ್ರವು ನ್ಯೂಯಾರ್ಕಿನಲ್ಲಿಯೇ ಪ್ರದರ್ಶನ ಕಂಡಿತು.

ಇಲ್ಲಿ ರಸಿಕನ ಮನಸ್ಸು ಇಬ್ಬಗೆಯಾಗುವುದು ಸಹಜ. ಫ್ಲಾರೆನ್ಸಳನ್ನು ಕಲಾದ್ರೋಹಿಯೆಂದು ದೂರುವುದು ಸುಲಭ. ಆದರೆ ಆಕೆ ಕೇಳಿದ್ದು ನ್ಯಾಯವಾಗಿ ತನ್ನದಾದುದನ್ನು. ಗಂಡನ ದುಡಿಮೆಯಿಂದ ಅನ್ಯರು ಚಿತ್ರ ಕಟ್ಟಿದರು, ಆಕೆಗೆ ಕಾಸೂ ದಕ್ಕಲಿಲ್ಲ. ಇತ್ತ ಆ ತೀರ್ಪು ಪೂರ್ಣವಾಗಿ ಜಾರಿಯಾಗಿದ್ದರೆ ಲೋಕವು ಒಂದು ಶ್ರೇಷ್ಠ ಕೃತಿಯನ್ನು ಕಳೆದುಕೊಳ್ಳುತ್ತಿತ್ತು. ಎರಡೂ ಸತ್ಯ, ಒಂದನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆಯಲಾಗದು. ಮೊದಲೇ ಅನುಮತಿ ಬೇಡಿ, ಸಲ್ಲಬೇಕಾದುದನ್ನು ಸಲ್ಲಿಸಿದ್ದರೆ ಈ ಸಂಕಟವೇ ಇರುತ್ತಿರಲಿಲ್ಲ.

ಈ ಚಿತ್ರವನ್ನು ನೋಡಬಯಸುವ ವಾಚಕರು ನೀಲಿಯ ಇರುಳುಳ್ಳ ಪ್ರತಿಯನ್ನೇ ಆರಿಸಿಕೊಳ್ಳಲಿ. ದೀಪವಾರಿಸಿ, ಮಾತಿಲ್ಲದೆ ನೋಡಲಿ. ಆರಂಭದ ಶೀರ್ಷಿಕೆಯಲ್ಲಿ ಸ್ಟೋಕರನ ಹೆಸರು ಮೂಡಿದಾಗ, ಆ ಹೆಸರಿಗೆ ಸಲ್ಲಬೇಕಾದುದು ಸಲ್ಲದೆ ಉಳಿದ ಮುದುಕಿಯೊಬ್ಬಳನ್ನು ಕ್ಷಣಕಾಲ ನೆನೆಯಲಿ.