ಕೆಂಪು ಗಾಡಿ ತೊಳೆದರೆ ಸಾಕೇ?

'ಅಗ್ನಿಶಾಮಕ ದಳದವರು ಬರುವಷ್ಟರಲ್ಲಿ ಎಲ್ಲವೂ ಸುಟ್ಟು ಭಸ್ಮವಾಗಿತ್ತು.' ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಈ ವಾಕ್ಯಕ್ಕೆ ಅಚ್ಚಿನ ಮೊಳೆ ಜೋಡಿಸಿಯೇ ಇಟ್ಟಿರುತ್ತಾರೇನೋ. ಊರು, ಅಂಗಡಿ, ನಷ್ಟದ ಲಕ್ಷ ಬದಲಾಗುತ್ತವೆ. ಈ ಸಾಲು ಮಾತ್ರ ಬದಲಾಗುವುದಿಲ್ಲ. ಹಿಂದೆಯೇ ಇನ್ನೊಂದು ಸಾಲು: ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಶಂಕಿಸಲಾಗಿದೆ. ಅಲ್ಲಿಗೆ ಸುದ್ದಿ ಮುಗಿಯಿತು. ದಳದವರು ಏಕೆ ತಡವಾಗಿ ಬಂದರು, ಬಂದ ಮೇಲೆ ಪಂಪು ನೀರೆತ್ತಿತೇ, ಎಷ್ಟು ನಿಮಿಷಕ್ಕೆ ನೀರು ಮುಗಿಯಿತು, ಮತ್ತೆ ತುಂಬಿಸಿಕೊಳ್ಳಲು ಎಲ್ಲಿಗೆ ಹೋದರು ಎಂದು ಮರುದಿನ ಯಾರೂ ಕೇಳುವುದಿಲ್ಲ.

ಕೇಳುವುದಕ್ಕೆಂದೇ ಸರ್ಕಾರದಲ್ಲಿ ತಪಾಸಣೆ ಎಂಬುದೊಂದಿದೆ. ಉರ್ದುವಿನಲ್ಲಿ ಅದಕ್ಕೆ ಮುಆಯಿನಾ ಎನ್ನುತ್ತೇವೆ. ಅರಬಿಯ 'ಐನ್' ಅದರ ಮೂಲ. ಐನ್ ಎಂದರೆ ಕಣ್ಣು. ಕಣ್ಣಾರೆ ನೋಡುವುದೇ ಮುಆಯಿನಾ. ಆದರೆ ಸಣ್ಣ ಊರುಗಳ ಠಾಣೆಗಳಲ್ಲಿ ಅದು ಕಣ್ಣಿನ ಕೆಲಸವಾಗಿ ಉಳಿದಿಲ್ಲ, ಸುಣ್ಣಬಣ್ಣದ ಕೆಲಸವಾಗಿದೆ. ಸಾಹೇಬರು ಬರುವ ತಾರೀಖು ಮೊದಲೇ ಗೊತ್ತಿರುತ್ತದೆ. ಅಂಗಳದ ಇಟ್ಟಿಗೆಗಳಿಗೆ ಕೆಂಪು ಬಿಳಿ ಬಣ್ಣ, ಮರಳಿನ ಬಕೆಟ್ಟುಗಳಿಗೆ ಹೊಸ ಬಣ್ಣ. ಗಾಡಿ ಮದುವಣಗಿತ್ತಿಯಂತೆ ಮಿಂಚುತ್ತಿರುತ್ತದೆ. ಸೆಲ್ಯೂಟ್, ರಿಜಿಸ್ಟರಿಗೆ ಸಹಿ, ಚಹಾ. ಬ್ಯಾಟರಿ ಹಳೆಯದು ಎಂದು ಹೇಳಬೇಕೆಂದುಕೊಂಡಿದ್ದ ಚಾಲಕ ಅಟೆನ್ಷನ್‌ನಲ್ಲಿ ನಿಂತಿರುವುದರಿಂದ ಹೇಳಲಾಗುವುದಿಲ್ಲ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ ಮತ್ತು ಸಿಡಿಮದ್ದು ತುಂಬಿದ್ದ 'ಫೋರ್ಟ್ ಸ್ಟಿಕೀನ್' ಹಡಗಿಗೆ ಬೆಂಕಿ ಬಿದ್ದು ಸಿಡಿದಾಗ, ಅದನ್ನು ಆರಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಪ್ರತಿ ವರ್ಷ ಆ ದಿನದಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಶಾಲೆಯ ಮೈದಾನದಲ್ಲಿ ಡೀಸೆಲ್ ಸುರಿದು ಹಚ್ಚಿದ ಬೆಂಕಿಯನ್ನು ಆರಿಸಿ ತೋರಿಸುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಗಾಡಿ ಮೊದಲೇ ಅಲ್ಲಿ ಬಂದು ನಿಂತಿರುತ್ತದೆ. ಎಷ್ಟು ಹೊತ್ತಿಗೆ ಬಂದೀತು ಎಂಬ ಪ್ರಶ್ನೆಯೇ ಆ ಪ್ರದರ್ಶನದಲ್ಲಿಲ್ಲ.

ಗಾಡಿಯನ್ನೇ ನೋಡೋಣ. ಸಾಮಾನ್ಯ ಜಲವಾಹನದಲ್ಲಿ 4500 ಲೀಟರ್ ನೀರು ಹಿಡಿಯುತ್ತದೆ. ಒಂದು ಕೊಳವೆಯಿಂದ ನಿಮಿಷಕ್ಕೆ 450 ಲೀಟರ್ ಚಿಮ್ಮಿದರೆ ಹತ್ತು ನಿಮಿಷ. ಎರಡು ಕೊಳವೆ ಹಿಡಿದರೆ ಐದೇ ನಿಮಿಷ. ಆಮೇಲೆ? ಕೆರೆಗೋ ಬಾವಿಗೋ ಹೀರುಕೊಳವೆ ಇಳಿಸಬೇಕು. ಅದರ ಜೋಡಣೆಯಲ್ಲಿ ಒಂದು ರಬ್ಬರ್ ವಾಷರ್ ಒಣಗಿ ಬಿರಿದಿದ್ದರೂ ಸಾಕು, ಪಂಪು ಗಾಳಿ ಎಳೆಯುತ್ತದೆಯೇ ಹೊರತು ನೀರೆತ್ತುವುದಿಲ್ಲ. ಎಲ್ಲ ಸರಿಯಿದ್ದರೂ ಏಳೆಂಟು ಮೀಟರಿಗಿಂತ ಆಳದ ನೀರನ್ನು ಅದು ಹೀರಲಾರದು. ಬೇಸಿಗೆಯಲ್ಲಿ ನೀರು ಕೆರೆಯ ನಡುವಿಗೆ ಸರಿದು ದಂಡೆ ಕೆಸರಾದರೆ, ತುಂಬಿದ ಲಾರಿಯಷ್ಟು ತೂಗುವ ಗಾಡಿಯನ್ನು ನೀರಿನ ಹತ್ತಿರ ಒಯ್ಯುವುದು ಹೇಗೆ? ಬಣವೆಗಳು ಉರಿಯುವುದೂ ಬೇಸಿಗೆಯಲ್ಲೇ. ವಾಷರ್ ಬೆಲೆ ಒಂದು ಊಟದಷ್ಟೂ ಇರಲಿಕ್ಕಿಲ್ಲ. ಆದರೆ ತೊಳೆದ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದವರಿಗೆ ಅದು ಕಾಣುವುದಿಲ್ಲ; ಕೊಳವೆ ಕೆರೆಗಿಳಿಸಿ ಪಂಪು ಓಡಿಸಿದವರಿಗೆ ಮಾತ್ರ ಕಾಣುತ್ತದೆ.

ಇನ್ನು ಎಲ್ಲ ಊರಿಗೂ ಒಂದೇ ಪಟ್ಟಿ ಹಿಡಿದು ಹೋಗುವ ಪದ್ಧತಿ. ಒಂದೊಂದು ಊರಿನ ಬೆಂಕಿ ಒಂದೊಂದು ಬಗೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಗೋದಾಮಿಗೆ ಬೆಂಕಿ ಬಿದ್ದರೆ ನೀರಿಗಿಂತ ಮೊದಲು ಬೇಕಾಗುವುದು ಉಸಿರು. ಒಲೆಯ ಮೇಲೆ ಒಂದು ಒಣಮೆಣಸಿನಕಾಯಿ ಹೊತ್ತಿದರೆ ಇಡೀ ಮನೆ ಕೆಮ್ಮುತ್ತದೆ. ಗೋದಾಮೇ ಹೊತ್ತಿದರೆ ಗಾಳಿ ಸಿಲಿಂಡರಿನ ಮುಖವಾಡವಿಲ್ಲದೆ ಯಾವ ಧೀರನೂ ಒಳಗೆ ಕಾಲಿಡಲಾರ. ಹತ್ತಿಯ ಅಂಡಿಗೆ ಹೊರಗೆ ಆರಿದಂತೆ ಕಂಡು ಒಳಗೊಳಗೇ ಕನಲುತ್ತಿರುತ್ತದೆ. ಅದನ್ನು ಎಳೆದು, ಬಿಚ್ಚಿ, ನೆನೆಸಬೇಕು. ತಿಪಟೂರಿನ ಕೊಬ್ಬರಿಯಲ್ಲಿ ಇರುವುದೇ ಎಣ್ಣೆ. ಚನ್ನಪಟ್ಟಣದಲ್ಲಿ ಮರವೂ ಇದೆ, ಅರಗೂ ಇದೆ. ಊರಿನಲ್ಲಿ ಏನು ಉರಿಯಬಲ್ಲದು ಎಂದು ಮೊದಲು ಕೇಳಿ, ಆಮೇಲೆ ಠಾಣೆಯ ಸಾಮಾನಿನ ಕೋಣೆಯ ಬಾಗಿಲು ತೆಗೆಸಬೇಕು. ಮುಖವಾಡಗಳಿವೆ ಎಂದು ರಿಜಿಸ್ಟರಿನಲ್ಲಿ ಬರೆದಿದ್ದರೆ ಸಾಲದು, ಸಿಲಿಂಡರಿನಲ್ಲಿ ಗಾಳಿ ಇದೆಯೇ, ಖಾಲಿಯಾದರೆ ಎಷ್ಟು ದೂರಕ್ಕೆ ಕಳಿಸಿ ತುಂಬಿಸಬೇಕು?

ಇಷ್ಟೆಲ್ಲ ಹೇಳಿದರೆ ಸಿಬ್ಬಂದಿಯನ್ನು ಅವಮಾನಿಸುತ್ತೀರಿ ಎನ್ನುವವರಿದ್ದಾರೆ. ಇಲ್ಲ ಸ್ವಾಮಿ. ಬಾವಿಗೆ ಬಿದ್ದ ಹಸುವನ್ನೂ ಕೆರೆಯಲ್ಲಿ ಮುಳುಗಿದವರ ಹೆಣವನ್ನೂ ಎತ್ತುವವರು ಅವರೇ. ಐದಾರು ಜನ ಹೋಗಬೇಕಾದ ಗಾಡಿಯಲ್ಲಿ ಮೂವರನ್ನು ಕಳಿಸಿ, ಪಂಪಿನ ಹತ್ತಿರ ಒಬ್ಬನನ್ನು ನಿಲ್ಲಿಸಿ, ಉಳಿದಿಬ್ಬರಿಗೆ ಬೆಂಕಿಯನ್ನು ಒಪ್ಪಿಸುವ ವ್ಯವಸ್ಥೆ ಅವರನ್ನು ಅವಮಾನಿಸುತ್ತದೆ. ತಡವಾಗಿ ಬಂದ ಗಾಡಿಗೆ ಕಲ್ಲು ಬೀಳುವುದೂ ಅವರ ತಲೆಯ ಮೇಲೆಯೇ.

ತಡ ಎಂದರೆ ಎಷ್ಟು? ರಾಷ್ಟ್ರೀಯ ಮಟ್ಟದ ಅಗ್ನಿಶಾಮಕ ಸಲಹಾ ಮಂಡಳಿಯ ಶಿಫಾರಸಿನಂತೆ ಪಟ್ಟಣದಲ್ಲಿ ಐದರಿಂದ ಏಳು ನಿಮಿಷ, ಹಳ್ಳಿಯಲ್ಲಿ ಇಪ್ಪತ್ತು ನಿಮಿಷದೊಳಗೆ ಗಾಡಿ ತಲುಪಬೇಕು. ತಾಲ್ಲೂಕಿಗೊಂದು ಠಾಣೆ, ಕೊನೆಯ ಹಳ್ಳಿ ನಲವತ್ತು ಕಿಲೋಮೀಟರ್. ಗಂಟೆಗೆ ನಲವತ್ತರ ವೇಗದಲ್ಲಿ ಹೋದರೆ ಒಂದು ಗಂಟೆ. ಲೆಕ್ಕ ಮಾಡಲು ತಜ್ಞರೇನೂ ಬೇಕಿಲ್ಲ.

ಪಟ್ಟಣದೊಳಗಿನ ಏಳು ನಿಮಿಷ ಠಾಣೆಯವರ ಕೈಯಲ್ಲಿಲ್ಲ. ಸಂತೆ ಬೀದಿಗೆ ಚಾಚಿದ ತಗಡಿನ ಚಪ್ಪರ ಪುರಸಭೆಗೆ ಸೇರಿದ್ದು. ಗಾಡಿಯ ನೆತ್ತಿಗೆ ತಾಗುವ ತಂತಿ ವಿದ್ಯುತ್ ಕಂಪನಿಯದು. ರಸ್ತೆ ಎತ್ತರಿಸುತ್ತ ಹೋದಂತೆ ಡಾಂಬರಿನಡಿ ಹೂತುಹೋದ ನಲ್ಲಿ ಯಾರದೋ ಅವರಿಗೇ ಗೊತ್ತಿಲ್ಲ. 74ನೇ ಸಂವಿಧಾನ ತಿದ್ದುಪಡಿ 12ನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ವಿಷಯಗಳ ಜೊತೆ ಬರೆಯಿತು. ನಮ್ಮಲ್ಲಿ ಅದು 1964ರ ಕಾಯ್ದೆಯಡಿ ರಾಜ್ಯದ ಇಲಾಖೆಯಾಗಿಯೇ ಉಳಿಯಿತು. ಹಾಗಾಗಿ ಪುರಸಭೆಯವರಿಗೆ ಬೆಂಕಿ ಪರರ ಮನೆಯ ಸಂಗತಿ. ನಾವೇನು ಕಡಿಮೆ? ಉರುಸಿರಲಿ, ಜಾತ್ರೆಯಿರಲಿ, ಶಾದಿ ಮಹಲಿನ ಮದುವೆಯಿರಲಿ, ಪೆಂಡಾಲಿಗೆ ಒಂದೇ ಬಾಗಿಲು, ಅದರ ಮುಂದೆಯೇ ಅಡ್ಡಡ್ಡ ನಿಂತ ಬೈಕುಗಳು.

1995ರ ಡಿಸೆಂಬರ್ 23ರಂದು ಹರಿಯಾಣದ ಮಂಡಿ ದಬ್ವಾಲಿಯಲ್ಲಿ ಶಾಲಾ ವಾರ್ಷಿಕೋತ್ಸವದ ಪೆಂಡಾಲು ಹೊತ್ತಿ ನಾನೂರಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಮಕ್ಕಳು. 2004ರ ಜುಲೈ 16ರಂದು ಕುಂಭಕೋಣಂನಲ್ಲಿ ಬಿಸಿಯೂಟದ ಒಲೆಯ ಕಿಡಿ ಶಾಲೆಯ ಹುಲ್ಲು ಮಾಡಿಗೆ ಹತ್ತಿ 94 ಮಕ್ಕಳು. 2023ರ ಅಕ್ಟೋಬರ್ 7ರಂದು ನಮ್ಮ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ, ದೀಪಾವಳಿಗೆ ನಾಲ್ಕು ಕಾಸು ದುಡಿಯಲು ಬಂದ ಹುಡುಗರೂ ಸೇರಿ ಹದಿನಾಲ್ಕಕ್ಕೂ ಹೆಚ್ಚು ಮಂದಿ. ಇವು ಮಹಾನಗರದ ಗಗನಚುಂಬಿಗಳಲ್ಲ. ಪೆಂಡಾಲು, ಹುಲ್ಲು ಮಾಡು, ಪಟಾಕಿ ನಿಮಿಷಗಳಲ್ಲೇ ಉರಿದುಹೋಗುತ್ತವೆ; ಅಂಥ ಕಡೆ ಎಷ್ಟು ಒಳ್ಳೆಯ ಗಾಡಿಯೂ ತಡವಾಗಿಯೇ ಬರುತ್ತದೆ. ಅಲ್ಲಿಗೆ ಮೊದಲೇ ಹೋಗಿ ನೋಡುವ ಕಣ್ಣೇ ಬೇಕಿತ್ತು.

ದುಡ್ಡಿಲ್ಲ ಎಂಬ ಹಳೆಯ ಮಾತನ್ನು ಇನ್ನು ಆಡುವಂತಿಲ್ಲ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆಗೆಂದು 5000 ಕೋಟಿ ರೂಪಾಯಿಯ ಯೋಜನೆ ತಂದಿತು. ಅದೇ ವರ್ಷದ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದು ಮಾಡುವ ನಿಯಮವನ್ನೂ ತಂದಿತು. ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗೆ ವಿನಾಯಿತಿ ಸಿಕ್ಕಿತು; ಬೆಂಕಿಯ ಗಾಡಿಯ ಹೆಸರು ಆ ಸಾಲಿನಲ್ಲಿ ಇರಲಿಲ್ಲ. ಹಳೆಯದನ್ನು ಗುಜರಿಗೆ ಹಾಕುವುದಾದರೆ ಹಾಕಲಿ, ಆದರೆ ಹೊಸದು ಮೊದಲು ಬರಬೇಕೋ ಹಳೆಯದು ಮೊದಲು ಹೋಗಬೇಕೋ?

ತಪಾಸಣೆ ಮಾಡುವ ಮನಸ್ಸಿದ್ದರೆ ಹೇಳದೆ ಬನ್ನಿ. ಮಾರ್ಚ್ ತಿಂಗಳಲ್ಲಿ, ರಾತ್ರಿ ಎರಡಕ್ಕೆ ಗಂಟೆ ಬಾರಿಸಿ. ಎಷ್ಟು ಜನ ಎದ್ದರು, ಗಾಡಿ ಎಷ್ಟು ಹೊತ್ತಿಗೆ ಗೇಟು ದಾಟಿತು ಎಂದು ಗಡಿಯಾರ ನೋಡಿ. ಕೆರೆಗೆ ಕೊಳವೆ ಇಳಿಸಿ, ತುದಿಯಲ್ಲಿ ನೀರು ಬರುವವರೆಗೆ ನಿಂತಿರಿ. ಇನ್ನೊಮ್ಮೆ ಸಂತೆಯ ದಿನ ಬಂದು ಊರಿನ ಅತಿ ಇಕ್ಕಟ್ಟಿನ ಓಣಿಗೆ ಗಾಡಿ ನುಗ್ಗಿಸಿ. ತಹಶೀಲ್ದಾರರು, ಪುರಸಭೆಯ ಮುಖ್ಯಾಧಿಕಾರಿ, ವಿದ್ಯುತ್ ಕಂಪನಿಯ ಶಾಖಾಧಿಕಾರಿ ಮೂವರನ್ನೂ ಅಲ್ಲೇ ನಿಲ್ಲಿಸಿಕೊಳ್ಳಿ. ಕಂಡದ್ದನ್ನು ಠಾಣೆಯ ಹೊರಗೋಡೆಯ ಹಲಗೆಯ ಮೇಲೆ ಬರೆಸಿ.

ಅವರು ಬರುವವರೆಗೆ ಓದುಗರು ಕಾಯಬೇಕಾಗಿಲ್ಲ. ನಿಮ್ಮ ಊರಿನ ಠಾಣೆಯಲ್ಲಿ ಕಳೆದ ಒಂದು ವರ್ಷ ಕರೆ ಬಂದ ಹೊತ್ತು, ಗಾಡಿ ಹೊರಟ ಹೊತ್ತು, ತಲುಪಿದ ಹೊತ್ತಿನ ದಾಖಲೆಯ ನಕಲು ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪಂಪನ್ನು ಕೊನೆಯ ಸಲ ನೀರಿಗಿಳಿಸಿ ಓಡಿಸಿದ ತಾರೀಖನ್ನು ಬೇರೊಂದು ಅರ್ಜಿಯಲ್ಲಿ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದ. ಶುಲ್ಕ ಹತ್ತು ರೂಪಾಯಿ.